ಘೋಡಗೇರಿಯ ಕುದುರೆಗೆ ಎಷ್ಟನೇ ನಂಬರು?

ಚಂದ್ರಶೇಖರ ಕಂಬಾರರ ಸಿನಿಮಾಗಳನ್ನು ಒಂದರ ಕೆಳಗೊಂದು ಬರೆದು ನಂಬರು ಹಾಕಲು ಕೂತರೆ ಪಟ್ಟಿ ಉದ್ದವಾಗುವುದಿಲ್ಲ. ಅವರೇ ನಿರ್ದೇಶಿಸಿದ ‘ಕರಿಮಾಯಿ’, ‘ಕಾಡುಕುದುರೆ’, ‘ಸಂಗೀತಾ’. ಅವರ ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿಯಿಂದ ಟಿ.ಎಸ್. ನಾಗಾಭರಣ ತೆಗೆದ ‘ಸಿಂಗಾರೆವ್ವ’. ಜ್ಞಾನಪೀಠ, ಪದ್ಮಭೂಷಣ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಿರಿ, ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷತೆ ಇವೆಲ್ಲದರ ನಡುವೆ ಅವರ ಸಿನಿಮಾದ ಬಾಳು ಪರಿಚಯ ಭಾಷಣದ ಕೊನೆಯ ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಕಂಬಾರಿಕೆಯ ಮನೆಯಲ್ಲಿ ಹುಟ್ಟಿ, ಗೋಕಾಕದಲ್ಲಿ ಓದಿ, ಬಡತನಕ್ಕೆ ಶಾಲೆ ತಪ್ಪುವ ಹೊತ್ತಿನಲ್ಲಿ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳ ಆಸರೆಯಿಂದ ಮುಂದೆ ಬಂದ ಹುಡುಗನೊಬ್ಬ ಕ್ಯಾಮೆರಾದ ಹಿಂದೆ ನಿಂತ ಎಂಬುದು ನಮ್ಮ ಭಾಗದವರಿಗೆ ಸಣ್ಣ ಸಂಗತಿಯಲ್ಲ. ಮೂಡಲಗಿ, ಗೋಕಾಕ, ಹುಕ್ಕೇರಿಯ ಮಾತು, ಗೌಡಿಕೆ, ದೇವರು, ಬಯಲಾಟ ಇವುಗಳಿಂದ ಕಟ್ಟಿದ ಶಿವಾಪುರವೆಂಬ ಊರು ಆ ಮೂಲಕ ಪರದೆಯ ಮೇಲೆ ಬಂತು.

ನಿರ್ದೇಶಕರ ಸಿನಿಮಾಗಳಿಗೆ ರ‍್ಯಾಂಕು ಕೊಡುವುದು ಈಗ ಎಲ್ಲೆಡೆ ನಡೆದಿರುವ ಆಟ. ಯಾವುದು ಎಷ್ಟು ಗಳಿಸಿತು, ವಿಮರ್ಶಕರು ಎಷ್ಟು ಸ್ಟಾರ್ ಕೊಟ್ಟರು, ಯಾವ ಪ್ರಶಸ್ತಿ ಬಂತು ಎಂಬ ಮೂರು ಅಂಕಿ ಕೂಡಿಸಿದರೆ ಕ್ರಮ ತಾನೇ ತಯಾರು. ಇದೇ ಮೂರು ತಕ್ಕಡಿಯಲ್ಲಿ ಕಂಬಾರರನ್ನು ತೂಗಿ ನೋಡಬೇಕೆಂದು ನನಗೆ ಅನ್ನಿಸಿದ್ದಕ್ಕೆ ಕಾರಣವಿದೆ. ಮೂರೂ ತಕ್ಕಡಿಗಳು ನಮ್ಮ ಊರುಗಳಿಂದ ಬಹಳ ದೂರ ಇವೆ.

ಮೊದಲು ಗಲ್ಲಾಪೆಟ್ಟಿಗೆ. ಟಿಕೆಟ್ ಮಾರಿದ ಒಟ್ಟು ಹಣ ಗ್ರಾಸ್; ತೆರಿಗೆ ಕಳೆದರೆ ನೆಟ್; ಥಿಯೇಟರಿನವನ ಬಾಡಿಗೆಯನ್ನೂ ಕಳೆದು ಹಂಚಿಕೆದಾರನ ಕೈಗೆ ಉಳಿಯುವುದು ಶೇರ್. ಇಂದಿನ ಪೋಸ್ಟರಿನಲ್ಲಿ ಕಾಣುವ ನೂರು ಕೋಟಿ, ಐನೂರು ಕೋಟಿ ಬಹುತೇಕ ಗ್ರಾಸ್. ನಿರ್ಮಾಪಕ ಉಳಿದನೋ ಮುಳುಗಿದನೋ ಎಂಬುದು ಶೇರಿನಲ್ಲಿ ಗೊತ್ತಾಗುತ್ತದೆ, ಅದನ್ನು ಮಾತ್ರ ಯಾರೂ ಪೋಸ್ಟರಿಗೆ ಹಾಕುವುದಿಲ್ಲ. ಎಪ್ಪತ್ತರ ದಶಕದಲ್ಲಿ ಕನ್ನಡದ ಲೆಕ್ಕ ರೂಪಾಯಿಯಲ್ಲಿ ಇರಲೇ ಇಲ್ಲ, ವಾರಗಳಲ್ಲಿ ಇತ್ತು. ಶತದಿನೋತ್ಸವ, ಇಪ್ಪತ್ತೈದು ವಾರ, ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿತು ಎಂಬ ಹೆಮ್ಮೆ, ಇವೇ ಅಳತೆಗೋಲು. ಆ ವಾರಗಳನ್ನು ಎಣಿಸಿದ್ದು ಹೆಚ್ಚಾಗಿ ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ.

ನಮ್ಮ ಕಡೆಯ ಟಾಕೀಜುಗಳ ಲೆಕ್ಕ ಯಾವ ಕಟ್ಟಿಗೆ ಸೇರುತ್ತಿತ್ತು ಎಂಬುದನ್ನು ನೋಡಬೇಕು. ಭಾಷಾವಾರು ರಾಜ್ಯ ಆದದ್ದು 1956ರಲ್ಲಿ. ಹಿಂದಿ ಸಿನಿಮಾ ವ್ಯಾಪಾರದ ನಕ್ಷೆ ಮಾತ್ರ ಬದಲಾಗಲಿಲ್ಲ. ಬೆಳಗಾವಿ, ಧಾರವಾಡ, ವಿಜಯಪುರ ಅದರಲ್ಲಿ ಮುಂಬೈ ಸರ್ಕಿಟ್. ಕಲಬುರಗಿ, ಬೀದರ, ರಾಯಚೂರು ನಿಜಾಮ್ ಸರ್ಕಿಟ್. ಹಳೇ ಮೈಸೂರು ಬೇರೆ. ಗೋಕಾಕದ ಮಿಲ್ಲಿನ ಕೆಲಸಗಾರ ಪಾಳಿ ಮುಗಿಸಿ ಬಂದು ಹಿಂದಿ ಪಿಚ್ಚರಿಗೆ ಕೊಟ್ಟ ದುಡ್ಡು ಮುಂಬೈಯ ಖಾತೆಗೆ, ಕನ್ನಡ ಪಿಚ್ಚರಿಗೆ ಕೊಟ್ಟದ್ದು ಬೆಂಗಳೂರಿನ ಗಾಂಧಿನಗರದ ಖಾತೆಗೆ. ಘಟಪ್ರಭೆಯ ದಂಡೆಯ ಪ್ರೇಕ್ಷಕ ಏನನ್ನು ಮೆಚ್ಚಿದ, ಯಾವುದಕ್ಕೆ ಎದ್ದು ಹೋದ ಎಂಬುದಕ್ಕೆ ಪ್ರತ್ಯೇಕ ಕಾಲಮ್ಮೇ ಇರಲಿಲ್ಲ. ಇನ್ನು ಕಂಬಾರರ ಚಿತ್ರಗಳು ಹುಟ್ಟಿದ್ದು ಹೊಸ ಅಲೆಯ ಕಾಲದಲ್ಲಿ. ‘ಸಂಸ್ಕಾರ’, ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’ಗಳ ಜೊತೆ ನಿಂತ ಚಿತ್ರಗಳು ಗಲ್ಲಾಪೆಟ್ಟಿಗೆಗಾಗಿ ಪೈಪೋಟಿಗೆ ಇಳಿದಿರಲಿಲ್ಲ. ಈ ತಕ್ಕಡಿಯಲ್ಲಿ ಅವನ್ನು ಕೂರಿಸುವುದೇ ಅನ್ಯಾಯ.

ಗಳಿಕೆ ಮತ್ತು ಪ್ರಶಸ್ತಿ ಎರಡೂ ಕೂಡಿಬಂದ ನಿರ್ದೇಶಕರಲ್ಲೂ ಪಟ್ಟಿ ನೆಟ್ಟಗೆ ನಿಲ್ಲುವುದಿಲ್ಲ. ಪುಟ್ಟಣ್ಣ ಕಣಗಾಲರನ್ನೇ ತೆಗೆದುಕೊಳ್ಳಿ. ಜನ ಮುಗಿಬಿದ್ದದ್ದು ‘ನಾಗರಹಾವು’ ಚಿತ್ರಕ್ಕೆ. ಅತ್ಯುತ್ತಮ ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ ಬಂದದ್ದು ‘ಗೆಜ್ಜೆಪೂಜೆ’ಗೆ. ರಾಜ್‌ಕುಮಾರ್ ಮತ್ತು ಪೃಥ್ವಿರಾಜ್ ಕಪೂರ್ ಇಬ್ಬರೂ ಇದ್ದ ‘ಸಾಕ್ಷಾತ್ಕಾರ’ವನ್ನು ಬಿಡುಗಡೆಯ ಹೊತ್ತಿಗೆ ಜನ ಒಪ್ಪಲಿಲ್ಲ, ಇಂದು ಪುಟ್ಟಣ್ಣನವರ ಮಾತು ಬಂದಲ್ಲೆಲ್ಲ ಅದರ ಹೆಸರು ಬರುತ್ತದೆ. ಹಣ ಮತ್ತು ಪ್ರಶಸ್ತಿ ಎರಡರಲ್ಲೂ ಮೇಲೆ ನಿಲ್ಲುವುದು ‘ಶರಪಂಜರ’ ಎಂದು ಹೇಳಬಹುದು. ಹಾಗೆ ಎರಡೂ ಸೇರುವುದು ಬಲು ಅಪರೂಪ.

ನಾಗಾಭರಣರ ಪಟ್ಟಿಯೂ ಹೀಗೆಯೇ. ‘ಗ್ರಹಣ’ಕ್ಕೆ ಮತ್ತು ‘ಸಂತ ಶಿಶುನಾಳ ಶರೀಫ’ಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು, ‘ಮೈಸೂರು ಮಲ್ಲಿಗೆ’ ಕನ್ನಡದ ಅತ್ಯುತ್ತಮ ಚಿತ್ರವಾಯಿತು. ಗಲ್ಲಾಪೆಟ್ಟಿಗೆಯಲ್ಲಿ ಇವೆಲ್ಲವನ್ನೂ ಹಿಂದೆ ಹಾಕಿದ್ದು 1996ರ ‘ಜನುಮದ ಜೋಡಿ’, ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿಯ ಕತೆ. ಅದೇ ನಾಗಾಭರಣರು ಕಂಬಾರರ ಶಿವಾಪುರಕ್ಕೆ ಬಂದಾಗ ‘ಸಿಂಗಾರೆವ್ವ’ಕ್ಕೆ 50ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆ ಸಿಕ್ಕಿತು. ಸಿಂಗಾರೆವ್ವ ಆದವರು ಪ್ರೇಮಾ, ಅದಾಗಲೇ ‘ಓಂ’ ಚಿತ್ರದಿಂದ ಮನೆಮಾತಾಗಿದ್ದ ನಟಿ. ಹೆಸರಾಂತ ನಿರ್ದೇಶಕ, ಹೆಸರಾಂತ ನಾಯಕಿ, ರಾಷ್ಟ್ರಪ್ರಶಸ್ತಿ ಮೂರೂ ಇರುವುದರಿಂದ ಲೆಕ್ಕ ಹಾಕುವವರು ಶಿವಾಪುರದ ಸಿನಿಮಾಗಳಲ್ಲಿ ಇದನ್ನೇ ಒಂದನೇ ನಂಬರಿಗೆ ಇಡುತ್ತಾರೆ. ನಾನು ಇಡುವುದಿಲ್ಲ. ಆ ಕಾದಂಬರಿಯ ಜೀವ ಇರುವುದು ಬಾಯಲ್ಲಿ: ಹೇಳುವವರು ಹೇಳಿದ, ಕೇಳುವವರು ಹೂಂಗುಟ್ಟಿದ ಕತೆಯ ಧಾಟಿಯಲ್ಲಿ. ಕ್ಯಾಮೆರಾ ಅರಮನೆಯನ್ನು ಕಣ್ಣಿಗೆ ಚೆಂದವಾಗಿ ತೋರಿಸುವ ಹೊತ್ತಿಗೆ ಆ ಬಾಯಿಮಾತಿನ ಬಿಸಿ ಆರಿರುತ್ತದೆ.

ಪ್ರಶಸ್ತಿಯ ಮಾತು ಬಂದರೆ ‘ಕಾಡುಕುದುರೆ’ಯ ಹತ್ತಿರ ಹೆಚ್ಚು ಹೊತ್ತು ನಿಲ್ಲಬೇಕು. ಆ ಚಿತ್ರ 1979ರದು ಎಂದು ಪಟ್ಟಿಗಳು ಹೇಳುತ್ತವೆ, ಪ್ರಶಸ್ತಿ 1978ರ ಲೆಕ್ಕದ್ದು. ಇದರಲ್ಲಿ ತಪ್ಪೇನಿಲ್ಲ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗೆ ಲೆಕ್ಕಕ್ಕೆ ಬರುವುದು ಸೆನ್ಸಾರ್ ಪ್ರಮಾಣಪತ್ರದ ತಾರೀಖು, ಥಿಯೇಟರಿನ ಬಾಗಿಲು ತೆರೆದ ತಾರೀಖು ಅಲ್ಲ. ಒಂದೇ ಒಂದು ಟಿಕೆಟ್ ಹರಿಯುವ ಮೊದಲೇ ಸಿನಿಮಾ ತೀರ್ಪುಗಾರರ ಮುಂದೆ ಹೋಗಬಹುದು. ಊರು ನೋಡದ ಚಿತ್ರಕ್ಕೆ ದೆಹಲಿಯ ಬಿರುದು ಮೊದಲು ಬರುವುದು ಹೀಗೆ. 26ನೇ ಪ್ರಶಸ್ತಿಗಳ ಆ ವರ್ಷ ಕನ್ನಡಕ್ಕೆ ಸುಗ್ಗಿ. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಅತ್ಯುತ್ತಮ ಕನ್ನಡ ಚಿತ್ರ, ನಾಗಾಭರಣರ ‘ಗ್ರಹಣ’ಕ್ಕೆ ಭಾವೈಕ್ಯದ ಪ್ರಶಸ್ತಿ, ‘ಕಾಡುಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ಎಂಬ ರಜತ ಕಮಲ.

ಈ ಪ್ರಶಸ್ತಿಯ ಸಾಲನ್ನು ಒಮ್ಮೆ ನೋಡಿ. 1976ಕ್ಕೆ ಯೇಸುದಾಸ್. 1977ಕ್ಕೆ ಮೊಹಮ್ಮದ್ ರಫಿ. 1978ಕ್ಕೆ ಸುಬ್ಬಣ್ಣ. 1979ಕ್ಕೆ ‘ಶಂಕರಾಭರಣಂ’ ಚಿತ್ರಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಅಷ್ಟು ದೊಡ್ಡ ಕಂಠಗಳ ನಡುವೆ ಮಲೆನಾಡಿನ ವಕೀಲರೊಬ್ಬರ ಕಂಠ ನಿಂತಿದೆ, ಮತ್ತು ಅದು ಹಾಡಿದ್ದು ನಮ್ಮ ಘಟಪ್ರಭೆಯ ಕಡೆಯ ಮಾತನ್ನು. ಕನ್ನಡ ಹಾಡಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಬಂದದ್ದು ಅದೇ ಮೊದಲು. ಸಿನಿಮಾ ಸಂಗೀತದ ದೊಡ್ಡ ವಾದ್ಯಮೇಳದ ಮೇಲೆ ನಿಂತ ಹಾಡಲ್ಲ ಅದು. ದನಿ ಎತ್ತಿ ಬಯಲಿನಲ್ಲಿ ಹಾಡುವವನ ಉಸಿರಿನ ಬಲದ ಮೇಲೆ ನಿಂತದ್ದು. ಪಟ್ಟಿ ಮಾಡುವವರು ಇಲ್ಲಿ ತಕರಾರು ತೆಗೆಯಬಹುದು: ಪ್ರಶಸ್ತಿ ಗಾಯಕನದು, ನಿರ್ದೇಶಕನ ಲೆಕ್ಕಕ್ಕೆ ಹೇಗೆ ಬರೆಯುತ್ತೀರಿ? ನಾನು ಬರೆಯುತ್ತೇನೆ. ನಾಟಕ ಅವರದು, ಹಾಡು ಅವರದು, ಚಿತ್ರದ ನಿರ್ದೇಶನ ಅವರದು. ಬಯಲಾಟದ ಪರಂಪರೆಯಲ್ಲಿ ಮಾತು, ಮಟ್ಟು, ಕುಣಿತ ಬೇರೆಬೇರೆಯವರ ಸ್ವತ್ತಲ್ಲ. ಸುಬ್ಬಣ್ಣ 2022ರಲ್ಲಿ ತೀರಿಕೊಂಡಾಗ ನಾಡಿನ ತುಂಬ ಜನ ಅವರನ್ನು ನೆನೆದದ್ದು ಈ ಹಾಡಿನಿಂದಲೇ. ಸಿನಿಮಾ ನೋಡದವರ ಬಾಯಲ್ಲೂ ಅದರ ಹಾಡು ಉಳಿದಿದೆ.

ಇನ್ನು ವಿಮರ್ಶೆ. ಕನ್ನಡ ಸಿನಿಮಾ ವಿಮರ್ಶೆಯ ಕಟ್ಟೆ ಎಂದಿನಿಂದಲೂ ಬೆಂಗಳೂರು. ಬರೆಯುವವರು ಪ್ರಾಮಾಣಿಕರೇ, ಆದರೆ ಅವರ ಕಿವಿ ಬೇರೆ. ಬೆಳಗಾವಿ ಜಿಲ್ಲೆಯ ಮಾತನ್ನು ಮುಖ್ಯವಾಹಿನಿಯ ಕನ್ನಡ ಸಿನಿಮಾ ಬಹುಕಾಲ ನಗೆಗಾಗಿ ಇಟ್ಟುಕೊಂಡಿತ್ತು. ಬಿಳಿ ಟೊಪ್ಪಿಗೆ, ಜವಾರಿ ಬೈಗುಳ, ರೊಟ್ಟಿಯ ಮಾತು, ಇಷ್ಟಕ್ಕೆ ಉತ್ತರ ಕರ್ನಾಟಕ ಮುಗಿಯುತ್ತಿತ್ತು. ಆ ಮಾತಿನಲ್ಲಿ ಪ್ರೀತಿ, ಕಾಮ, ದ್ರೋಹ, ದೇವರ ಭಯ ಎಲ್ಲವನ್ನೂ ಹೇಳಬಹುದು ಎಂದು ಕಂಬಾರರ ನಾಟಕ, ಕಾದಂಬರಿ, ಸಿನಿಮಾ ತೋರಿಸಿಕೊಟ್ಟವು. ಮುಂದೆ ಗಿರೀಶ ಕಾಸರವಳ್ಳಿ ರಂ.ಶಾ. ಲೋಕಾಪುರರ ‘ತಾಯಿ ಸಾಹೇಬ’ವನ್ನು ತೆಗೆದು ಸ್ವರ್ಣ ಕಮಲ ಪಡೆದಾಗ ಈ ಮಾತಿಗೆ ಗಾಂಭೀರ್ಯವಿದೆ ಎಂದು ನಾಡು ಒಪ್ಪಿಕೊಂಡಿತು. ದಾರಿ ಹಾಕಿದವರಲ್ಲಿ ಘೋಡಗೇರಿಯವರ ಹೆಸರು ಮೊದಲು ಬರಬೇಕು. ಈಗಿನ ಸ್ಟಾರ್ ಲೆಕ್ಕದಲ್ಲಿ ಆ ಋಣ ಎಲ್ಲಿಯೂ ದಾಖಲಾಗುವುದಿಲ್ಲ. ಹಳೆಯ ಕನ್ನಡ ಚಿತ್ರಕ್ಕೆ ಅಂತರ್ಜಾಲದಲ್ಲಿ ಅಂಕ ಕೊಟ್ಟವರು ಬೆರಳೆಣಿಕೆಯ ಮಂದಿ, ಅವರ ಸರಾಸರಿಯನ್ನು ನಾಡಿನ ತೀರ್ಪು ಎನ್ನಲಾಗದು.

ಮುಂಬೈ ಮತ್ತು ಗಾಂಧಿನಗರದಲ್ಲಿ ಹಣದ ತಕ್ಕಡಿ, ಬೆಂಗಳೂರಿನಲ್ಲಿ ವಿಮರ್ಶೆಯ ತಕ್ಕಡಿ, ದೆಹಲಿಯಲ್ಲಿ ಪ್ರಶಸ್ತಿಯ ತಕ್ಕಡಿ. ನಮ್ಮ ನೆಲದಲ್ಲಿ ತಕ್ಕಡಿಯೇ ಇರಲಿಲ್ಲವೆ? ಇತ್ತು, ಸಿನಿಮಾ ಹುಟ್ಟುವುದಕ್ಕಿಂತ ಮೊದಲೇ ಇತ್ತು. ಶ್ರೀಕೃಷ್ಣ ಪಾರಿಜಾತ ನಮ್ಮ ಸೀಮೆಯ ಆಟ. ಅಪರಾಳ ತಮ್ಮಣ್ಣ ಕಟ್ಟಿದ್ದನ್ನು ಕುಲಗೋಡ ತಮ್ಮಣ್ಣ ತಿದ್ದಿ ರಂಗಕ್ಕೆ ತಂದ, ಕೌಜಲಗಿ ನಿಂಗಮ್ಮ ಅದಕ್ಕೆ ಕಂಠ ಮತ್ತು ಕಾಲು ಕೊಟ್ಟಳು. ಕುಲಗೋಡವೂ ಕೌಜಲಗಿಯೂ ಈಗ ಮೂಡಲಗಿ ತಾಲೂಕಿನ ಊರುಗಳು. ಆಟ ನಡೆದಾಗ ಮೆಚ್ಚಿದವನು ಎದ್ದು ಬಂದು ಹಣ ಕೊಟ್ಟು ಆಯೇರಿ ಮಾಡುತ್ತಾನೆ, ಕೊಟ್ಟವನ ಹೆಸರನ್ನು ರಂಗದಿಂದಲೇ ಕೂಗಿ ಹೇಳುತ್ತಾರೆ. ಆ ಒಂದು ಆಯೇರಿಯಲ್ಲಿ ಗಳಿಕೆ, ವಿಮರ್ಶೆ, ಪ್ರಶಸ್ತಿ ಮೂರೂ ಇವೆ. ಹಣ ಅಲ್ಲೇ, ತೀರ್ಪು ಅಲ್ಲೇ, ಗೌರವ ಅಲ್ಲೇ. ಕೊಟ್ಟವನಿಗೆ ಸತ್ಯಭಾಮೆಯ ಯಾವ ಮಾತಿಗೆ ಕೊಟ್ಟೆ ಎಂಬುದು ಗೊತ್ತಿರುತ್ತದೆ, ಇಸಿದುಕೊಂಡವಳಿಗೂ ಗೊತ್ತಿರುತ್ತದೆ. ಕಂಬಾರರು ಬೆಳೆದದ್ದು ಇಂಥ ಆಟಗಳ ನಡುವೆ. ‘ಜೋಕುಮಾರಸ್ವಾಮಿ’ಯನ್ನು ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಆಡಿಸಿದಾಗ ಕನ್ನಡ ರಂಗಭೂಮಿ ಬೆರಗಾದದ್ದು ಈ ಆಟದ ಕಸುವು ಕಂಡೇ. ಸಿನಿಮಾದಲ್ಲಿ ಮಾತ್ರ ಆಡುವವರಿಗೂ ನೋಡುವವರಿಗೂ ನಡುವೆ ಹಂಚಿಕೆದಾರ, ಸರ್ಕಿಟ್, ಸೆನ್ಸಾರ್, ತೀರ್ಪುಗಾರರ ಮಂಡಳಿ ಎಲ್ಲ ಬಂದು ನಿಂತವು, ಆಯೇರಿಗೆ ಜಾಗ ಉಳಿಯಲಿಲ್ಲ.

2022ರ ‘ಕಾಂತಾರ’ ಈ ಅಂತರವನ್ನು ದಾಟಿತು. ಊರ ದೈವವನ್ನು ನಡುವೆ ಇಟ್ಟು, ಕರಾವಳಿಯ ಮಾತಿನಲ್ಲೇ ಮಾತಾಡಿ, ನೂರಾರು ಕೋಟಿ ಗಳಿಸಿ, 70ನೇ ರಾಷ್ಟ್ರಪ್ರಶಸ್ತಿಗಳಲ್ಲಿ ರಿಷಬ್ ಶೆಟ್ಟಿಗೆ ಅತ್ಯುತ್ತಮ ನಟ ಪ್ರಶಸ್ತಿಯನ್ನೂ ಜನಪ್ರಿಯ ಮನರಂಜನೆಯ ಪ್ರಶಸ್ತಿಯನ್ನೂ ತಂದುಕೊಟ್ಟಿತು. ಅದೇ ಸಾಲಿನಲ್ಲಿ ಕನ್ನಡದ ಅತ್ಯುತ್ತಮ ಚಿತ್ರವಾದದ್ದು ‘ಕೆಜಿಎಫ್ 2’. ಹಣ ಮತ್ತು ಪ್ರಶಸ್ತಿಯ ಪಟ್ಟಿಗಳು ಒಂದಾದ ವರ್ಷ ಅದು. ನನಗೆ ಆಗ ನೆನಪಾದದ್ದು ‘ಕರಿಮಾಯಿ’. ಕಾದಂಬರಿ ಬಂದದ್ದು 1975ರಲ್ಲಿ. ಊರಮ್ಮ ಕರಿಮಾಯಿಯ ನೆರಳಿನಲ್ಲಿ ಬದುಕುವ ಶಿವಾಪುರಕ್ಕೆ ಬೆಳಗಾವಿಯಲ್ಲಿ ಓದಿಬಂದ ಗುಡಸೀಕರನ ಮೂಲಕ ಹೊಸ ಗಾಳಿ ನುಗ್ಗುತ್ತದೆ, ಅಧಿಕಾರದ ಆಸೆ ಬರುತ್ತದೆ, ಹೆಂಡ ಬರುತ್ತದೆ, ಊರು ಒಳಗಿನಿಂದ ಸೀಳುತ್ತದೆ. ದೈವ, ಭೂಮಿ, ಅಧಿಕಾರ ಎಂಬ ಮೂರು ಎಳೆಗಳನ್ನು ‘ಕಾಂತಾರ’ಕ್ಕಿಂತ ಎಷ್ಟೋ ಮೊದಲು ಹೆಣೆದ ಕತೆ ಇದು. ದೊಡ್ಡ ಬಂಡವಾಳವಿಲ್ಲದೆ, ದೇಶದ ತುಂಬ ಡಬ್ಬಿಂಗ್ ಮಾಡುವ ಅನುಕೂಲವಿಲ್ಲದೆ ಅದನ್ನು ತೆರೆಗೆ ತರುವ ಧೈರ್ಯ ಮಾಡಿದ್ದಕ್ಕೇ ನಾನು ‘ಕರಿಮಾಯಿ’ಗೆ ಎರಡನೇ ಸ್ಥಾನ ಕೊಡುತ್ತೇನೆ. ಮೊದಲನೆಯದು ‘ಕಾಡುಕುದುರೆ’. ಮೂರನೆಯದು ‘ಸಿಂಗಾರೆವ್ವ’. 1981ರ ‘ಸಂಗೀತಾ’ ನಾಲ್ಕನೆಯದು.

ಈ ಕ್ರಮಕ್ಕೆ ಒಪ್ಪದವರು ಇದ್ದೇ ಇರುತ್ತಾರೆ, ಇರಬೇಕು. ಆದರೆ ತಕರಾರು ಮಾಡಬೇಕಾದರೂ ಸಿನಿಮಾ ಕಣ್ಣಿಗೆ ಬೀಳಬೇಕಲ್ಲ. ಈ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ನೋಡಿದವರು ನಮ್ಮ ಭಾಗದ ಈಗಿನ ತಲೆಮಾರಿನಲ್ಲಿ ತೀರ ವಿರಳ. ಫಿಲ್ಮಿನ ಸುರುಳಿ ಶಾಶ್ವತವಲ್ಲ. ಸೆಕೆಗೂ ತೇವಕ್ಕೂ ಸಿಕ್ಕರೆ ಹುಳಿ ವಾಸನೆ ಬಂದು, ಮುದುಡಿ, ಚಿತ್ರ ಕರಗಿಹೋಗುತ್ತದೆ. ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಒಂದು ಕಾಲದ ಕಪ್ಪು ಬಿಳುಪು ಕನ್ನಡ ಚಿತ್ರ ಮತ್ತೆ ಹೊಸ ಕಣ್ಣುಗಳ ಮುಂದೆ ನಿಂತಿತು. ಕಂಬಾರರ ಮೂರು ಚಿತ್ರಗಳಿಗೂ ಅದೇ ಆರೈಕೆ ಸಲ್ಲಬೇಕು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಮತ್ತು ಕರ್ನಾಟಕ ಚಲನಚಿತ್ರ ಅಕಾಡೆಮಿ ಕೂಡಿದರೆ ಆಗದ ಕೆಲಸವೇನಲ್ಲ. ಜಿಲ್ಲೆಯ ಸಾಹಿತ್ಯ ಸಮ್ಮೇಳನಗಳಲ್ಲಿ ಕಂಬಾರರ ಮೇಲೆ ಗೋಷ್ಠಿ ಮಾಡುವ ನಾವು ಒಂದು ಸಂಜೆಯನ್ನು ಅವರ ಸಿನಿಮಾಕ್ಕೆ ಬಿಟ್ಟುಕೊಡಬಹುದು. ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಿ ಒಂದೊಂದು ಪ್ರದರ್ಶನ ಆಗಲಿ, ಘೋಡಗೇರಿಯಲ್ಲಿ ತಪ್ಪದೆ ಆಗಲಿ. ಆಮೇಲೆ ಯಾವುದು ಮೊದಲು, ಯಾವುದು ಕೊನೆಗೆ ಎಂದು ಆ ಮಾತನ್ನು ಆಡುವ ಜನ ಹೇಳಲಿ. ನನ್ನ ಪಟ್ಟಿಯನ್ನು ಅವರು ತಲೆಕೆಳಗು ಮಾಡಿದರೆ ಅದನ್ನೇ ನಾನು ಬರೆದುಕೊಳ್ಳುತ್ತೇನೆ.