ಚವದಾರ ಕೆರೆಯ ನೀರು

ಸಾರ್ವಜನಿಕರ ಹಣದಿಂದ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆಗಳ ಬಳಿಗೂ ಅಸ್ಪೃಶ್ಯರೆನಿಸಿಕೊಂಡವರು ಸುಳಿಯುವಂತಿಲ್ಲದ ಕಾಲವೊಂದಿದ್ದಿತು. 1923ರಲ್ಲಿ ಸೀತಾರಾಮ ಕೇಶವ ಬೋಲೆಯವರು ಮಂಡಿಸಿದ ಗೊತ್ತುವಳಿಯನ್ನು ಮುಂಬಯಿ ಶಾಸನಸಭೆಯು ಅಂಗೀಕರಿಸಿ, ಇಂತಹ ಸ್ಥಳಗಳು ಅವರಿಗೂ ತೆರೆದಿರಬೇಕೆಂದು ಸಾರಿತು. ಇಬ್ರಾಹಿಂಪುರವೂ ಸೇರಿದಂತೆ ವಿಜಯಪುರದ ಸೀಮೆಯೆಲ್ಲ ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಆ ಗೊತ್ತುವಳಿ ನಮ್ಮ ನೆಲಕ್ಕೂ ಸಂಬಂಧಿಸಿದ್ದೇ. ಆದರೆ ಕಾಗದದ ಮೇಲಿನ ಅನುಮತಿಯಿಂದ ಕೊಡ ತುಂಬೀತೆ?

ಕೊಂಕಣದ ಮಹಾಡ ಪಟ್ಟಣದ ಪುರಸಭೆಯು 1924ರಲ್ಲಿಯೇ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿದ್ದರೂ, ದನಕರುಗಳು ಬಾಯಿಡುತ್ತಿದ್ದ ಆ ನೀರನ್ನು ಮುಟ್ಟಲು ದಲಿತರಿಗೆ ಧೈರ್ಯವಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಹಸ್ರಾರು ಜನರೊಡನೆ ಶಾಂತವಾಗಿ ನಡೆದುಹೋಗಿ ಬೊಗಸೆ ನೀರು ಕುಡಿದರು. ಅದಕ್ಕಾಗಿ ಜನರ ಮೇಲೆ ಹಲ್ಲೆಯಾಯಿತು; ಕೆರೆಗೆ 'ಶುದ್ಧಿ'ಯೂ ನಡೆಯಿತು! ಪುರಸಭೆ ತನ್ನ ಹಿಂದಿನ ನಿರ್ಣಯವನ್ನೇ ಹಿಂತೆಗೆದುಕೊಂಡಿತು.

ಡಿಸೆಂಬರಿನಲ್ಲಿ ಮತ್ತೆ ಸತ್ಯಾಗ್ರಹಕ್ಕೆ ಜನ ನೆರೆದರು. ಅಷ್ಟರಲ್ಲಿ ವಿರೋಧಿಗಳು ಕೆರೆ ತಮ್ಮ ಸ್ವಂತದ್ದೆಂದು ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ದೂರದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳುಹಿಸುವುದು ಸುಲಭದ ಮಾತಲ್ಲ. ಆದರೂ ಅಂಬೇಡ್ಕರರು ನ್ಯಾಯಾಲಯದ ಆಜ್ಞೆಗೆ ಮನ್ನಣೆಯಿತ್ತು ಸತ್ಯಾಗ್ರಹವನ್ನು ಮುಂದಕ್ಕೆ ಹಾಕಿದರು. ಇದನ್ನು ಅಳುಕೆಂದವರೂ ಉಂಟು. ಅದು ದೂರದೃಷ್ಟಿಯೆಂಬುದು ಹತ್ತು ವರ್ಷಗಳ ಬಳಿಕ ತಿಳಿಯಿತು. ನಿಷೇಧವು ಅನಾದಿ ಕಾಲದ ರೂಢಿಯೆಂಬ ವಾದ ಸಾಬೀತಾಗಿಲ್ಲವೆಂದು 1937ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಅಂದು ವಾದಿಸಿ ಪಡೆಯಬೇಕಾಗಿದ್ದುದನ್ನು 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಹಕ್ಕಾಗಿಯೇ ನೀಡಿತು. ಅಂಗಡಿ, ಉಪಾಹಾರ ಗೃಹ, ಬಾವಿ, ಕೆರೆ, ರಸ್ತೆಗಳ ಬಳಕೆಯಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು 15ನೆಯ ವಿಧಿ ಹೇಳುತ್ತದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ತೊಡೆದುಹಾಕಿದೆ. ಇವುಗಳಿಗೆ ಭಂಗ ಬಂದಾಗ ದನಿಯೆತ್ತುವವರಿಗೆ 19ನೆಯ ವಿಧಿ ಆಸರೆ: ಶಾಂತಿಯುತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕು ನಾಗರಿಕರಿಗಿದೆ. ಸಾರ್ವಜನಿಕ ಸುವ್ಯವಸ್ಥೆಗಾಗಿ ಸರ್ಕಾರವು ಇದಕ್ಕೆ ಸಮಂಜಸವಾದ ಮಿತಿಗಳನ್ನು ಹಾಕಬಹುದು.

ಅಮೆರಿಕದಲ್ಲಿಯೂ ಇಂತಹುದೇ ಪ್ರಶ್ನೆಯೆದ್ದಿತು. 1964ರಲ್ಲಿ ಲೂಸಿಯಾನಾ ಸಂಸ್ಥಾನದ ಗ್ರಂಥಾಲಯವೊಂದರಲ್ಲಿ ವರ್ಣಭೇದವನ್ನು ಪ್ರತಿಭಟಿಸಿ ಐವರು ಕಪ್ಪು ಜನರು ಸದ್ದಿಲ್ಲದೆ ಉಳಿದರು. ಶಾಂತಿಭಂಗದ ಆರೋಪದ ಮೇಲೆ ಅವರಿಗೆ ವಿಧಿಸಿದ್ದ ಶಿಕ್ಷೆಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ರದ್ದುಪಡಿಸಿತು.

ನಮ್ಮಲ್ಲಿಯೂ ನೀರಿನ ವ್ಯಾಜ್ಯ ಮಹಾಡಕ್ಕೆ ಮುಗಿಯಲಿಲ್ಲ. ಕರ್ನಾಟಕದ ಹಳ್ಳಿಯೊಂದರಲ್ಲಿ ಹೊಸದಾಗಿ ತೋಡಿದ ಕೊಳವೆಬಾವಿಯಿಂದ ನೀರು ಒಯ್ಯದಂತೆ ದಲಿತರನ್ನು ಬೆದರಿಸಿ ತಡೆಯಲಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಆರೋಪಿಗಳನ್ನು ಬಿಡುಗಡೆ ಮಾಡಿದ್ದಿತು; 1992ರ ಡಿಸೆಂಬರಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಆ ಬಿಡುಗಡೆಯನ್ನು ಒಪ್ಪಲಿಲ್ಲ.