ಕರೆಂಟಿಲ್ಲ, ನಲ್ಲಿ ಇಲ್ಲ, ರೋಡೂ ಇಲ್ಲ: ಕರಡಿ ಕಾಡಿನಲ್ಲಿ ಸರ್ಕಾರಿ ಬಾಡಿಗೆ ಮನೆ!

ಕಾಡಲ್ಲಿ ಒಂದು ರಾತ್ರಿ ಇರಬೇಕು ಅಂದ್ರೆ ನಮ್ಮ ಕಡೆ ಮೊದಲು ನೆನಪಾಗೋದು ರೆಸಾರ್ಟ್. ಗೇಟಲ್ಲಿ ಸೆಕ್ಯುರಿಟಿ, ಸ್ನಾನಕ್ಕೆ ಬಿಸಿನೀರು, ಬೆಳಿಗ್ಗೆ ಸಫಾರಿ ಜೀಪು, ವಾಪಸ್ ಬಂದ ಮೇಲೆ ಇಡ್ಲಿ-ವಡೆ. ಆದರೆ ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ ಸರ್ಕಾರವೇ ಕರಡಿ ಕಾಡಿನ ನಡುವೆ ಪುಟ್ಟ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಡುತ್ತದೆ. ಅಲ್ಲಿ ಇದ್ಯಾವುದೂ ಇಲ್ಲ. ಬಾಗಿಲು ತೆಗೆದು 'ಬನ್ನಿ' ಅನ್ನೋಕೂ ಒಬ್ಬರಿಲ್ಲ.

ಜಾಗದ ಹೆಸರು ಕೊಡಿಯಾಕ್ ರಾಷ್ಟ್ರೀಯ ವನ್ಯಜೀವಿ ಆಶ್ರಯಧಾಮ. ಅಲಾಸ್ಕಾದ ದಕ್ಷಿಣಕ್ಕೆ ಸಮುದ್ರದಲ್ಲಿರುವ ಕೊಡಿಯಾಕ್ ದ್ವೀಪದ ಸುಮಾರು ಮೂರನೇ ಎರಡು ಭಾಗ ಇದಕ್ಕೇ ಸೇರಿದೆ. ಕಂದು ಕರಡಿಗಳನ್ನು ಉಳಿಸಲು 1941ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಆದೇಶ ಹೊರಡಿಸಿ ಇದನ್ನು ಸ್ಥಾಪಿಸಿದರು. ವಿಸ್ತೀರ್ಣ ಸುಮಾರು 19 ಲಕ್ಷ ಎಕರೆ, ಅಂದರೆ ನಮ್ಮ ಇಡೀ ಚಾಮರಾಜನಗರ ಜಿಲ್ಲೆಗಿಂತ ದೊಡ್ಡದು. ಇಷ್ಟು ದೊಡ್ಡ ಕಾಡಿನೊಳಗೆ ಹೋಗೋಕೆ ರಸ್ತೆಯೇ ಇಲ್ಲ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಹಾಕೋ ವಿಚಾರಕ್ಕೆ 2009ರಿಂದ ಜಗಳ ಕೇಳುತ್ತಿರುವ ತಾಲೂಕಿನವರಿಗೆ ಇದು ವಿಚಿತ್ರ ಅನಿಸಬಹುದು. ಅಲ್ಲಿ ಜಗಳ ಆಡೋಣ ಅಂದ್ರೂ ರೋಡಿಲ್ಲ.

ಹಾಗಾದ್ರೆ ಹೋಗೋದು ಹೇಗೆ? ಮೊದಲು ಆಂಕರೇಜ್ ನಗರದಿಂದ ಕೊಡಿಯಾಕ್ ಪಟ್ಟಣಕ್ಕೆ ವಿಮಾನದಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ಚಕ್ರದ ಬದಲು ದೋಣಿಯಂಥ ಕಾಲುಗಳಿರುವ ಸಣ್ಣ ವಿಮಾನ ಬಾಡಿಗೆ ಮಾಡಬೇಕು. ಅದು ನೇರ ಸರೋವರದ ನೀರಿನ ಮೇಲೆ ಇಳಿಯುತ್ತದೆ. ಸಮುದ್ರ ದಂಡೆಯ ಮನೆಗಳಿಗೆ ಬೋಟಲ್ಲೂ ಹೋಗಬಹುದು. ಸಣ್ಣ ವಿಮಾನ ಆದ್ದರಿಂದ ಲಗೇಜಿನ ಜೊತೆ ಪ್ರಯಾಣಿಕರ ತೂಕವೂ ಲೆಕ್ಕಕ್ಕೆ ಬರುತ್ತದೆ. ದಪ್ಪಗಿರೋರು ಮುಜುಗರ ಪಟ್ಟುಕೊಂಡು ಪ್ರಯೋಜನವಿಲ್ಲ, ಸುಳ್ಳು ಹೇಳಿದರೆ ಅಪಾಯ ಎಲ್ಲರಿಗೂ.

ಇಂಥ ಮನೆಗಳು ಹತ್ತರೊಳಗೇ ಇವೆ. ಉಗಾನಿಕ್ ಸರೋವರದಲ್ಲೊಂದು, ಫ್ರೇಜರ್ ಸರೋವರದ ಎರಡು ಕಡೆ ಒಂದೊಂದು. ಇನ್ನೊಂದು ಡೆಡ್‌ಮನ್ ಬೇಯಲ್ಲಿ, ಅಂದರೆ ಸತ್ತವನ ಕೊಲ್ಲಿ. ಹೆಸರು ಕೇಳಿಯೂ ಬುಕ್ ಮಾಡೋರಿದ್ದಾರೆ ಬಿಡಿ. ಬುಕಿಂಗ್ ಎಲ್ಲಾ ಆನ್‌ಲೈನ್. ಬಾಡಿಗೆ ರಾತ್ರಿಗೆ 45 ಡಾಲರ್ ಆಸುಪಾಸು, ಹೆಚ್ಚುಕಡಿಮೆ 4 ಸಾವಿರ ರೂಪಾಯಿ. ಅಗ್ಗ ಅನಿಸುತ್ತೆ. ಆದರೆ ವಿಮಾನದ ಬಾಡಿಗೆ ಇದರ ಎಷ್ಟೋ ಪಟ್ಟು.

ಮನೆಯೊಳಗೆ ಏನಿದೆ? ಮಲಗೋಕೆ ಮರದ ಹಲಗೆ (ಹಾಸಿಗೆ ನಿಮ್ಮದೇ), ಒಂದು ಮೇಜು, ಬೆಂಚು, ಸೀಮೆಎಣ್ಣೆ ಹೀಟರ್. ಹೊರಗೆ ಗುಂಡಿ ಪಾಯಿಖಾನೆ. ನೀರು ಹೊಳೆಯಿಂದಲೋ ಸರೋವರದಿಂದಲೋ ತಂದು ಕುದಿಸಿಯೇ ಕುಡಿಯಬೇಕು. ನೋಡೋಕೆ ಕನ್ನಡಿಯಂತಿದ್ದರೂ ಹೊಟ್ಟೆ ಕೆಡಿಸುವ ಪರಾವಲಂಬಿ ಜೀವಿ ಅದರಲ್ಲಿರಬಹುದು. ಅಡುಗೆ ಸ್ಟವ್, ಪಾತ್ರೆ, ದೀಪ ಎಲ್ಲ ಹೊತ್ತುಕೊಂಡೇ ಹೋಗಬೇಕು.

ಸೀಮೆಎಣ್ಣೆ ವಿಚಾರ ಅಂಗಡಿಯವರಿಗೆ ಕುತೂಹಲ ಹುಟ್ಟಿಸಬಹುದು. ಹೀಟರ್ ಸರ್ಕಾರದ್ದು, ಎಣ್ಣೆ ಗಿರಾಕಿದು. ಪ್ರಯಾಣಿಕರ ವಿಮಾನದಲ್ಲಿ ಇಂಧನ ಒಯ್ಯೋಕೆ ಬಿಡಲ್ಲ, ಕರಡಿ ಓಡಿಸುವ ಖಾರದ ಸ್ಪ್ರೇಯನ್ನೂ ಬಿಡಲ್ಲ. ಹಾಗಾಗಿ ಎರಡನ್ನೂ ಕೊಡಿಯಾಕ್ ಪಟ್ಟಣದ ಅಂಗಡಿಯಲ್ಲೇ ಕೊಳ್ಳಬೇಕು. ಕಾಡಿನೊಳಗೆ ಒಂದು ಟೀ ಅಂಗಡಿಯೂ ಇಲ್ಲ, ಆದರೆ ಕಾಡಿಗೆ ಹೋಗೋರ ರೇಷನ್, ಎಣ್ಣೆ, ರೇನ್‌ಕೋಟು, ಗಮ್ ಬೂಟು ಎಲ್ಲದರ ವ್ಯಾಪಾರ ಊರಿಗೇ ಸಿಗುತ್ತದೆ. ಬಾಡಿಗೆ ಕಡಿಮೆ ಇದ್ದರೂ ಊರಿಗೆ ನಷ್ಟ ಇಲ್ಲ.

ಇನ್ನು ಕರಡಿ. ಈ ದ್ವೀಪಗಳಲ್ಲಿ ಸುಮಾರು 3,500 ಕಂದು ಕರಡಿಗಳಿವೆ. ದೊಡ್ಡ ಗಂಡು 680 ಕೆ.ಜಿ.ವರೆಗೂ ತೂಗಬಲ್ಲದು. ನಮ್ಮ ಕಾಡಂಚಿನಲ್ಲಿ ಕಾಣೋ ಕರಡಿ 150 ಕೆ.ಜಿ. ದಾಟೋದೇ ಅಪರೂಪ. ಬೇಸಿಗೆಯಲ್ಲಿ ಸಾಲ್ಮನ್ ಮೀನು ಹೊಳೆ ಹತ್ತುವಾಗ ಕರಡಿಗಳೂ ಅಲ್ಲಿಗೇ ಬರುತ್ತವೆ. ಮನುಷ್ಯರ ಮೇಲೆ ದಾಳಿ ಅಪರೂಪ. ಆದರೆ ಒಂದು ಸಲ ಮನೆ ಹತ್ತಿರ ಊಟದ ರುಚಿ ಹತ್ತಿತೋ, ಆ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಗುಂಡೇಟು ತಿನ್ನೋದೂ ಅದೇ. ಅದಕ್ಕೇ ಮೀನಿನ ತ್ಯಾಜ್ಯ, ಉಳಿದ ಅನ್ನ, ಬಿಸ್ಕತ್ ಕವರ್ ಯಾವುದನ್ನೂ ಹೊರಗೆ ಬಿಡುವ ಹಾಗಿಲ್ಲ. ಕಾಡಂಚಿನ ಹೋಟೆಲುಗಳ ಹಿಂದೆ ಬೀಳೋ ಕಸಕ್ಕೆ ಯಾವ್ಯಾವ ಪ್ರಾಣಿ ಬರುತ್ತೆ ಅಂತ ಗೊತ್ತಿರೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿಜವಾದ ಕಷ್ಟ ಕರಡಿಯದ್ದಲ್ಲ, ಮೋಡದ್ದು. ಮಂಜು ಕವಿದರೆ, ಗಾಳಿ ಎದ್ದರೆ ಪೈಲಟ್ ಹೊರಡೋದೇ ಇಲ್ಲ. ಮಂಗಳವಾರ ಬರ್ತೀನಿ ಅಂದ ವಿಮಾನ ಶುಕ್ರವಾರ ಬರಬಹುದು. ಮೊಬೈಲ್ ಸಿಗ್ನಲ್ ಇಲ್ಲ, ಸ್ಯಾಟಲೈಟ್ ಫೋನ್ ಇದ್ದರೆ ಮಾತ್ರ ಸುದ್ದಿ ಮುಟ್ಟುತ್ತೆ. ಕಾಲು ಮುರಿದರೂ ಹವೆ ತಿಳಿಯಾಗೋವರೆಗೆ ಕಾಯಬೇಕಾಗಬಹುದು. ಆದ್ದರಿಂದ ನಾಲ್ಕು ದಿನಕ್ಕೆ ಹೋಗೋರು ಏಳೆಂಟು ದಿನದ ಅಕ್ಕಿ-ಬೇಳೆ, ಎಣ್ಣೆ, ಮಾತ್ರೆ ಒಯ್ಯೋದು ಒಳ್ಳೇದು. ಬಿಪಿ, ಶುಗರ್ ಇರೋರಂತೂ ಇದನ್ನು ಮರೆಯೋ ಹಾಗಿಲ್ಲ. ಊರಲ್ಲಿ ಅಂಗಡಿ ಬಾಗಿಲು ತೆರೆಯಬೇಕು, ಡ್ಯೂಟಿಗೆ ಹೋಗಬೇಕು ಅನ್ನೋರು ವಾಪಸಾತಿಯ ದೊಡ್ಡ ವಿಮಾನದ ಟಿಕೆಟನ್ನು ಮಾರನೇ ದಿನಕ್ಕೇ ಮಾಡಿಸದಿದ್ದರೆ ಕ್ಷೇಮ.

ಹೊರಡುವಾಗ ಗುಡಿಸೋ ಆಳಿಲ್ಲ. ಬಂದವರೇ ನೆಲ ಗುಡಿಸಿ, ಹೀಟರ್ ಆರಿಸಿ, ಬಾಗಿಲು ಭದ್ರ ಮಾಡಿ, ಕಸವನ್ನೆಲ್ಲ ಮೂಟೆ ಕಟ್ಟಿ ವಿಮಾನಕ್ಕೆ ಹಾಕಬೇಕು. ಖಾಲಿ ಸೀಮೆಎಣ್ಣೆ ಕ್ಯಾನ್ ಕೂಡ.