ದರಪಟ್ಟಿಯ ಹಾಳೆಯಲ್ಲಿ ಬೀಡುಬಿಟ್ಟ ಚಿತ್ರಗಳು: ಒಮ್ಮೆಲೇ ತೆಗೆಯುವ ಬಗೆ

1996ರಲ್ಲಿ ಕಾಫಿ ಬೆಳೆಗೆ ಪೂರ್ಣ ಮುಕ್ತ ಮಾರಾಟದ ಅವಕಾಶ ದೊರೆತ ಬಳಿಕ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ವರ್ತಕರಿಗೆ ದಿನದಿನದ ದರವನ್ನು ತಾವೇ ಗಮನಿಸುವುದು ಅನಿವಾರ್ಯವಾಯಿತು. ಅರೇಬಿಕಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿ ಮುಂತಾದವುಗಳ 50 ಕಿಲೋ ಚೀಲದ ದರವನ್ನು ಅಂತರಜಾಲದ ಪುಟದಿಂದ ನಕಲಿಸಿ ಎಕ್ಸೆಲ್ ಹಾಳೆಗೆ ಅಂಟಿಸಿದಾಗ, ಅಂಕಿಗಳ ಜೊತೆ ಆ ಪುಟದ ಲಾಂಛನ, ಬಾಣದ ಗುರುತು, ಜಾಹೀರಾತಿನ ತುಣುಕುಗಳೂ ಬಂದು ಕೂರುವುದುಂಟು. ಒಂದೆರಡು ಹಂಗಾಮು ಕಳೆಯುವಷ್ಟರಲ್ಲಿ ಅವು ನೂರಾರಾಗುತ್ತವೆ. ಕಡತ ತೆರೆಯಲು ತಡ. ಲೆಕ್ಕಪರಿಶೋಧಕರಿಗೆ ಮಿಂಚಂಚೆಯಲ್ಲಿ ಕಳುಹಿಸಲು ಇನ್ನೂ ತಡ.

ಇವನ್ನು ಒಂದೊಂದಾಗಿ ಅಳಿಸುವ ಅಗತ್ಯವಿಲ್ಲ. ಹಾಳೆ ತೆರೆದು ಕೀಲಿಮಣೆಯ ಎಫ್5 ಒತ್ತಿದರೆ 'ಗೋ ಟು' ಚೌಕಟ್ಟು ಬರುತ್ತದೆ. ಅದರಲ್ಲಿ 'ಸ್ಪೆಷಲ್' ಗುಂಡಿ ಒತ್ತಿ, 'ಆಬ್ಜೆಕ್ಟ್ಸ್' ಎಂಬುದನ್ನು ಗುರುತಿಸಿ 'ಓಕೆ' ಎಂದರೆ ಹಾಳೆಯ ಮೇಲೆ ತೇಲುವ ವಸ್ತುಗಳೆಲ್ಲ ಏಕಕಾಲಕ್ಕೆ ಆಯ್ಕೆಯಾಗುತ್ತವೆ. ಬಳಿಕ 'ಡಿಲೀಟ್' ಕೀಲಿ ಸಾಕು. ಇದು ತೆರೆದಿರುವ ಒಂದು ಹಾಳೆಗೆ ಮಾತ್ರ ಅನ್ವಯಿಸುವುದರಿಂದ ಪ್ರತಿ ಹಾಳೆಯಲ್ಲೂ ಪುನರಾವರ್ತಿಸಬೇಕು. ಹಾಳೆಗೆ ರಕ್ಷಣೆ ಹಾಕಿದ್ದರೆ ಮೊದಲು ಅದನ್ನು ತೆಗೆಯತಕ್ಕದ್ದು.

ಆದರೆ ಈ ವಿಧಾನಕ್ಕೆ ವಿವೇಚನೆಯಿಲ್ಲ. ಕಸದ ಚಿತ್ರದೊಡನೆ ದರದ ಏರಿಳಿತ ತೋರುವ ನಕ್ಷೆ, ಸಂಸ್ಥೆಯ ಸ್ವಂತ ಲಾಂಛನ, ಮ್ಯಾಕ್ರೋ ನಡೆಸುವ ಗುಂಡಿ ಎಲ್ಲವೂ ಆಯ್ಕೆಯಾಗಿರುತ್ತವೆ. ಉಳಿಸಬೇಕಾದವುಗಳ ಮೇಲೆ ಕಂಟ್ರೋಲ್ ಕೀಲಿ ಹಿಡಿದು ಕ್ಲಿಕ್ ಮಾಡಿ ಬಿಡಿಸಿಕೊಳ್ಳಬೇಕು. ಆಲ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಎಲ್ಲ ವಸ್ತುಗಳ ಹೆಸರಿನ ಪಟ್ಟಿ ಪಕ್ಕದಲ್ಲಿ ಕಾಣುತ್ತದೆ; ಮೊದಲು ಅದನ್ನೊಮ್ಮೆ ನೋಡುವುದು ಲೇಸು.

ನಿಜವಾದ ಅಪಾಯ ಬೇರೆಯೇ ಇದೆ. ಕೆಲವರು ತೂಕದ ಚೀಟಿ, ಔಟ್‌ಟರ್ನ್ ವರದಿ, ಖರೀದಿ ಬಿಲ್ಲುಗಳನ್ನು ಸ್ಕ್ಯಾನ್ ಮಾಡಿ ದಾಸ್ತಾನು ಹಾಳೆಯಲ್ಲೇ ಚಿತ್ರವಾಗಿ ಅಂಟಿಸಿಡುತ್ತಾರೆ. ಎಕ್ಸೆಲ್‌ಗೆ ಅದೂ ಒಂದೇ, ಜಾಹೀರಾತೂ ಒಂದೇ. ಜಿಎಸ್‌ಟಿ ಕಾಯ್ದೆಯಂತೆ ನೋಂದಾಯಿತ ವರ್ತಕರು ವಾರ್ಷಿಕ ವಿವರಪಟ್ಟಿ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. ಕಂಪನಿಗಳಿಗೆ 2013ರ ಕಾಯ್ದೆ ವಿಧಿಸಿರುವುದು 8 ವರ್ಷ. ಮೂಲ ಚೀಟಿ ಮಲೆನಾಡಿನ ಮಳೆಗೆ ಬೂಷ್ಟು ಹಿಡಿದಿದ್ದರೆ ಆ ಚಿತ್ರವೇ ಉಳಿದ ಸಾಕ್ಷಿ. ಆದಕಾರಣ ಕಡತದ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡ ಮೇಲೆಯೇ ಅಳಿಸುವ ಕೆಲಸಕ್ಕೆ ಕೈಹಾಕಬೇಕು. ತಪ್ಪಿದ್ದು ಕೂಡಲೇ ತಿಳಿದರೆ ಕಂಟ್ರೋಲ್-ಜೆಡ್ ಉಂಟು. ಕಡತವನ್ನು ಉಳಿಸಿ ಮುಚ್ಚಿದ ಮೇಲೆ ಅದೂ ಇಲ್ಲ.

ಅಡ್ಡಸಾಲನ್ನು ಅಳಿಸಿದರೆ ಮೇಲಿನ ಚಿತ್ರವೂ ಹೋಯಿತೆಂಬ ನಂಬಿಕೆ ಸರಿಯಲ್ಲ. ಕೆಲವು ಚಿತ್ರಗಳು ಗೆರೆಯಷ್ಟಕ್ಕೆ ಕುಗ್ಗಿ, ಕಣ್ಣಿಗೆ ಬೀಳದೆ ಕುಳಿತಿರುತ್ತವೆ. ಅವನ್ನು ಹಿಡಿಯಲು ಮೇಲಿನ ಎಫ್5 ವಿಧಾನವೇ ಸರಿ.

ಮುಂದೆ ದರವನ್ನು ನಕಲಿಸುವಾಗ ನೇರವಾಗಿ ಅಂಟಿಸದೆ 'ಪೇಸ್ಟ್ ಸ್ಪೆಷಲ್'ನಲ್ಲಿ 'ಟೆಕ್ಸ್ಟ್' ಆರಿಸಿಕೊಂಡರೆ ಅಂಕಿ ಅಕ್ಷರಗಳಷ್ಟೇ ಬರುತ್ತವೆ, ಚಿತ್ರಗಳು ಬರುವುದಿಲ್ಲ.